ಸದ್ದಿಲ್ಲದ ಕೀಬೋರ್ಡು

ದೇವರಾಜನ ತೊಂದರೆಗೆ ಕಾರಣ ಒಂದು ಸೀನು. ಅದು ಬಂದದ್ದು ಬೆಳಿಗ್ಗೆ ಹತ್ತು ಗಂಟೆಗೆ, ಸೊರಬದ ಸಹಕಾರ ಸಂಘವೊಂದರ ಕಂಪ್ಯೂಟರ್ ಕೋಣೆಯಲ್ಲಿ, ಬೆಲ್ಲದ ಕಷಾಯದ ಲೋಟ ಅವನ ಬಾಯಿಗೆ ತಾಗುವ ಹೊತ್ತಿಗೆ ಸರಿಯಾಗಿ. ಅರ್ಧ ಕಷಾಯ ಅಂಗಿಯ ಮೇಲೆ ಚೆಲ್ಲಿತು, ಇನ್ನರ್ಧ ಕೀಬೋರ್ಡಿನ ಮೇಲೆ. ಅಂಗಿ ಅವನದು, ಚಿಂತೆಯಿಲ್ಲ. ಕೀಬೋರ್ಡು ಸಂಘದ್ದು.

ತೊಂಬತ್ತೈದರಲ್ಲಿ ಸಂಘಕ್ಕೆ ಬಂದ ಆ ಕಂಪ್ಯೂಟರ್ ಬಂದ ದಿನವೇ ಕಾಯಂ ಆಗಿತ್ತು. ಮೂರು ವರ್ಷದಿಂದ ಅದನ್ನು ನಡೆಸುತ್ತಿದ್ದ ದೇವರಾಜ ಮಾತ್ರ ಇನ್ನೂ ಹಂಗಾಮಿ. ಅವನನ್ನು ಕಾಯಂ ಮಾಡಬಹುದೋ ಬಾರದೋ ಎಂದು ವ್ಯವಸ್ಥಾಪಕ ಜಯಪ್ಪನವರು ಅಂದೇ ಸಂಜೆ ಆಡಳಿತ ಮಂಡಳಿಗೆ ವರದಿ ಬರೆಯುವವರಿದ್ದರು. ಸೀನಿಗೆ ಇವೆಲ್ಲ ಎಲ್ಲಿ ಗೊತ್ತಾಗಬೇಕು!

ಜಯಪ್ಪನವರಿಗೆ ಮಂಡಿನೋವು. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಸಂಜೆಯೇ ಏಳುವುದು. ಹಾಗಾಗಿ ನೌಕರರ ಕೆಲಸವನ್ನು ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ಕೇಳುತ್ತಿದ್ದರು. ಅವರ ಕೋಣೆಗೆ ತಾಗಿಕೊಂಡೇ ಕಂಪ್ಯೂಟರ್ ಕೋಣೆ. ಧೂಳು ಬಾರದಿರಲೆಂದು ಅದರ ಬಾಗಿಲು ಸದಾ ಮುಚ್ಚಿರಬೇಕು, ಚಪ್ಪಲಿ ಹೊರಗೇ ಬಿಡಬೇಕು. ಹೊರಗೆ ಚಪ್ಪಲಿ, ಒಳಗೆ ಟಕಟಕ ಸದ್ದು, ಇವೆರಡೂ ಇದ್ದರೆ ಆಪರೇಟರ್ ಕೆಲಸದಲ್ಲಿದ್ದಾನೆ ಎಂದು ಅವರ ಲೆಕ್ಕ. ಕೀಬೋರ್ಡೂ ಅದಕ್ಕೆ ತಕ್ಕದ್ದೇ. ಹಳೆಯ ಕಾಲದ ಮೆಕ್ಯಾನಿಕಲ್, ಕಲ್ಲಿನಷ್ಟು ಭಾರ, ಒಂದೊಂದು ಕೀ ಕೆಳಗೂ ಒಂದೊಂದು ಸ್ಪ್ರಿಂಗು. ಒತ್ತಿದರೆ ಅದರ ಸದ್ದು ಗೋಡೆಯಾಚೆಗೆ ಕೇಳುತ್ತಿತ್ತು. ಹೋದ ವರ್ಷ ಹೇಳದೆ ಕೇಳದೆ ಚಾ ಕುಡಿಯಲು ಹೋದ ಹಂಗಾಮಿ ಗುಮಾಸ್ತನೊಬ್ಬ, ತಿರುಗಿ ಬರುವಷ್ಟರಲ್ಲಿ ಮಾಜಿ ಗುಮಾಸ್ತನಾಗಿದ್ದ.

ದೇವರಾಜ ಅಂಗಿಯ ತುದಿಯಿಂದಲೇ ಕೀಗಳನ್ನು ಒರೆಸಿದ. ಎನ್ ಅಕ್ಷರ ಒತ್ತಿದರೆ ಅದು ಬೆಲ್ಲದಲ್ಲಿ ಅಂಟಿ ಮೇಲೇಳಲಿಲ್ಲ. ಪರದೆಯ ಮೇಲೆ ಎನ್ ಎನ್ ಎನ್ ಎಂದು ಇರುವೆ ಸಾಲು ಹರಿಯತೊಡಗಿತು. ಅವನಿಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಟಪಾಲಿನ ಸಾವಿತ್ರಿಬಾಯಿ ಬಂದರು, ಅವರ ಹಿಂದೆಯೇ ಜವಾನ ಲೋಕಪ್ಪ. ಸಾವಿತ್ರಿಬಾಯಿ ಇಪ್ಪತ್ತು ವರ್ಷ ಸಂಘದ ಟೈಪಿಸ್ಟ್ ಆಗಿದ್ದವರು. ಕಂಪ್ಯೂಟರ್ ಬಂದ ಮೇಲೆ ಅವರ ಟೈಪ್‌ರೈಟರು ಅಟ್ಟಕ್ಕೆ ಹೋಯಿತು, ಅವರು ಟಪಾಲಿಗೆ ಬಂದರು.

"ಇದಕ್ಕೆಂತಕ್ಕೆ ಮುಖ ಹಿಂಗೆ ಮಾಡ್ಕಂಡೀಯ ತಮ್ಮಾ? ತೊಳೆದ್ರೆ ಆತು," ಎಂದರು ಸಾವಿತ್ರಿಬಾಯಿ.

"ಕರೆಂಟಿನ ಸಾಮಾನು ಯಾರಾದ್ರೂ ತೊಳೀತಾರೇನ್ರೀ?" ಲೋಕಪ್ಪ ಬೆಚ್ಚಿದ. "ನಮ್ಮ ಭಾವ ಹಿಂಗೇ ರೇಡಿಯೋ ತೊಳ್ದಿದ್ದ. ಆಮೇಲೆ ಅದ್ರಲ್ಲಿ ಅಡಿಕೆ ಕತ್ತರಿ ಇಟ್ಕಂಡ."

"ರೇಡಿಯೋಕ್ಕೆ ಸ್ಪ್ರಿಂಗ್ ಇರ್ತದನಾ? ಇದು ನಮ್ಮ ಟೈಪ್‌ರೈಟರ್ ಜಾತಿದು. ಬಿಸಿನೀರಲ್ಲಿ ತೊಳೆದು, ಇಲ್ಲೇ ಫ್ಯಾನಿನ ಕೆಳಗೆ ಒಣಗಿಸ್ತೀನಿ. ನಾಳೆಗೆ ಸರಿಯಾಗ್ತದೆ."

"ನಾಳೆಗೆ ನಾನೇ ಇರಲ್ಲ ಅಕ್ಕಾ! ಸದಸ್ಯರ ಪಟ್ಟಿ ಸಂಜೆಗೆ ಬೇಕಂತ ಹೇಳಿದಾರೆ."

"ಹಂಗಾರೆ ಶಿಕಾರಿಪುರಕ್ಕೆ ಹೋಗು. ಈಶ್ವರನ ಕಂಪ್ಯೂಟರ್ ಅಂಗಡಿಯಿಂದ ಒಂದು ಎರವಲು ತಗಂಬಾ. ನಿನ್ನ ಚಪ್ಪಲಿ ಬಾಗಿಲಲ್ಲೇ ಇರಲಿ."

"ಸದ್ದು?"

"ಅದನ್ನ ದೇವರು ನೋಡ್ಕೋತಾನೆ, ನೀ ಹೊರಡು."

ಲೋಕಪ್ಪನ ಚಪ್ಪಲಿ ದೇವರಾಜನ ಕಾಲಿಗೆ ಎರಡು ಬೆರಳು ದೊಡ್ಡದು. ಅದನ್ನೇ ಮೆಟ್ಟಿಕೊಂಡು ಅವನು ಹಿತ್ತಿಲ ಬಾಗಿಲಿನಿಂದ ನುಸುಳಿ ಬಸ್ ಸ್ಟ್ಯಾಂಡಿಗೆ ಓಡಿದ. ಬಸ್ಸು ಶಿರಾಳಕೊಪ್ಪದಲ್ಲಿ ನಿಂತಾಗ ಕಿಟಕಿಯಿಂದ ತಲೆ ಒಳಗೆಳೆದುಕೊಂಡ. ಸಂಘದ ಸದಸ್ಯರು ಎಲ್ಲೆಲ್ಲೂ ಇದ್ದರು.

ಈಶ್ವರನ ಅಂಗಡಿಯಲ್ಲಿ ಟೈಪಿಂಗ್ ಶಾಲೆಯ ಹುಚ್ಚರಾಯಪ್ಪ ಮೇಷ್ಟ್ರು ಪೇಪರ್ ಓದುತ್ತಾ ಕೂತಿದ್ದರು. ದೇವರಾಜ ಏದುಸಿರು ಬಿಡುತ್ತಾ ವಿಷಯ ಹೇಳಿದ. ಈಶ್ವರ ಪೆಟ್ಟಿಗೆಯಿಂದ ಹಗುರವಾದ ಬಿಳಿ ಕೀಬೋರ್ಡೊಂದನ್ನು ತೆಗೆದ.

"ಮೆಕ್ಯಾನಿಕಲ್ ಕಾಲ ಮುಗೀತ್ರೀ. ಇದು ಮೆಂಬ್ರೇನ್. ಒಳಗೆ ಸ್ಪ್ರಿಂಗಿಲ್ಲ, ತೆಳ್ಳನೆ ಹಾಳೆ ಐತಿ. ಮ್ಯಾಲೆ ರಬ್ಬರ್ ಹೊದಿಕೆ. ಕಷಾಯ ಅಲ್ಲ, ಸಾಂಬಾರ್ ಸುರೀರಿ, ತೊಳೀರಿ, ಹೊಡೀರಿ!" ಎಂದವನೇ ಒಂದು ಚೊಂಬು ನೀರನ್ನು ಅದರ ಮೇಲೆ ಸುರಿದೇಬಿಟ್ಟ.

ಮೇಷ್ಟ್ರು ಪೇಪರ್ ಮಡಚಿದರು. "ತೊಳೆಯಾಕೆ ಅದೇನು ಎಮ್ಮೇನಪ್ಪಾ? ಒತ್ತಿದ್ರೆ ಕೀ ಹ್ಞೂಂ ಅನ್ನಬೇಕು. ಹ್ಞೂಂ ಅನ್ನದಿದ್ದದ್ದು ಕೀನೇ ಅಲ್ಲ."

"ನಿಮ್ಮ ಶಾಲೆ ಹ್ಞೂಂ ಕೇಳಿ ಇಡೀ ಬೀದಿ ನಿದ್ದೆಗೆಟ್ಟೈತಲ್ರೀ ಮೇಷ್ಟ್ರೆ!"

"ಆ ಸದ್ದಲ್ಲಿ ಕಲ್ತೋರು ಇವತ್ತು ಕೋರ್ಟಲ್ಲಿದಾರೆ."

"ಕೇಸು ಬಿದ್ದೋ, ಕೆಲಸ ಸಿಕ್ಕೋ?"

ಇಬ್ಬರೂ ದೇವರಾಜನ ಒಂದೊಂದು ತೋಳು ಹಿಡಿದರು. "ನೀವೇ ಹೇಳ್ರಿ, ಯಾವುದು ಒಳ್ಳೇದು?" ಎಂದು ಈಶ್ವರ ಕೇಳಿದ. ಅದೇ ಹೊತ್ತಿಗೆ ಸೊರಬದ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು.

"ನನಗೆ ಬಸ್ಸು ಒಳ್ಳೇದು!" ಎಂದು ದೇವರಾಜ ಕೂಗಿದ. ಒದ್ದೆ ಕೀಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದಿನ ಬಸ್ಸಿಗೆ ಕಾಯುತ್ತಾ ನಿಂತ. ಬೆನ್ನ ಹಿಂದಿನಿಂದ ಮೇಷ್ಟ್ರ ದನಿ ಕೇಳಿಸುತ್ತಲೇ ಇತ್ತು. "ಸದ್ದಿಲ್ಲದ್ದು ಒಯ್ತಾ ಇದೀರಿ. ಕೆಲಸ ಮಾಡಿದ್ದು ನಿಮಗೇ ಗೊತ್ತಾಗಲ್ಲ ನೋಡ್ರಿ."

ಹಿತ್ತಿಲ ಬಾಗಿಲಿನಿಂದ ಅವನು ಒಳಗೆ ಬಂದಾಗ ಎರಡು ಗಂಟೆ. ಚಪ್ಪಲಿ ಬಾಗಿಲಲ್ಲೇ ಇತ್ತು. "ಸಾಹೇಬ್ರು ಒಂದು ಸಲಾನೂ ಕರೀಲಿಲ್ಲ," ಎಂದ ಲೋಕಪ್ಪ. ದೇವರಾಜನಿಗೆ ಹೋದ ಜೀವ ಬಂತು. ಕೂತವನೇ ಹೊಡೆಯತೊಡಗಿದ. ಹೊಟ್ಟೆಗೆ ಅನ್ನವಿಲ್ಲ, ನೀರು ಕುಡಿಯಲು ಧೈರ್ಯವಿಲ್ಲ. ಬೆರಳುಗಳು ರಬ್ಬರಿನ ಮೇಲೆ ಬೆಕ್ಕಿನ ಹೆಜ್ಜೆಯಂತೆ ಓಡಿದವು. ನಾಲ್ಕೂವರೆಗೆ ಪಟ್ಟಿಯ ಮುನ್ನೂರು ಹೆಸರೂ ಮುಗಿದಿದ್ದವು. ಮೂರು ವರ್ಷದಲ್ಲಿ ಅವನು ಅಷ್ಟು ಚೆನ್ನಾಗಿ ಕೆಲಸ ಮಾಡಿದ ದಿನ ಇನ್ನೊಂದಿರಲಿಲ್ಲ. ಪಟ್ಟಿಯನ್ನು ಪ್ರಿಂಟ್ ತೆಗೆದು, ತಲೆ ಬಾಚಿಕೊಂಡು, ಜಯಪ್ಪನವರ ಮುಂದೆ ನಿಂತ.

"ಬನ್ರೀ ದೇವರಾಜ್," ಜಯಪ್ಪನವರು ನಗುತ್ತಿದ್ದರು. "ಬೆಳಿಗ್ಗೆ ಎಂಥಾ ಹೊಡೆತ ಮಾರಾಯ್ರೇ! ಹತ್ತೂವರೆಯಿಂದ ಒಂದೂವರೆ ತನಕ ಒಂದು ನಿಮಿಷ ಬಿಡುವಿಲ್ಲ. ನಿಮ್ಮ ಕೈಯಿಂದ ಇಂಥ ಸ್ಪೀಡು ನಾ ಕೇಳೇ ಇರ್ಲಿಲ್ಲ."

ದೇವರಾಜ ಕಣ್ಣು ಕಣ್ಣು ಬಿಟ್ಟ. ಬೆಳಿಗ್ಗೆ ಅವನು ಇದ್ದದ್ದು ಬಸ್ಸಿನಲ್ಲಿ. ಅರ್ಧ ತೆರೆದ ಬಾಗಿಲಾಚೆ ನಿಂತಿದ್ದ ಸಾವಿತ್ರಿಬಾಯಿ ಹತ್ತೂ ಬೆರಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿದರು. ಆಗ ಅವನಿಗೆ ತಿಳಿಯಿತು. ತೊಳೆದ ಕೀಬೋರ್ಡನ್ನು ಮೇಜಿನ ಮೇಲಿಟ್ಟು, ಸ್ಪ್ರಿಂಗಿನೊಳಗಿನ ನೀರು ಹೊರಬರಲೆಂದು ಒಂದೊಂದೇ ಕೀ ಒತ್ತಲು ಶುರುಮಾಡಿದ್ದಾರೆ. ಇಪ್ಪತ್ತು ವರ್ಷದ ಕೈ, ನೀರು ಖಾಲಿಯಾದರೂ ನಿಂತಿಲ್ಲ.

"ಎಲ್ಲ ನಿಮ್ಮ ಆಶೀರ್ವಾದ ಸಾರ್," ಎಂದ ದೇವರಾಜ.

"ಅದು ಸರಿ. ಮಧ್ಯಾಹ್ನದಿಂದ ಏನಾಯ್ತು?" ಜಯಪ್ಪನವರ ನಗು ಆರಿತು. "ಎರಡು ಗಂಟೆಯಿಂದ ಒಂದು ಟಕ್ ಇಲ್ಲ. ಒಳಗೆ ಮಲಗಿದ್ರಾ?"

"ಇಲ್ಲ ಸಾರ್! ಈ ಪಟ್ಟಿ ಪೂರಾ ಮಧ್ಯಾಹ್ನ..."

"ಪಟ್ಟಿ ಬೆಳಿಗ್ಗೆ ಹೊಡೆದದ್ದು. ನಾನೇ ಕಿವಿಯಾರೆ ಕೇಳಿದೀನಿ. ಮಧ್ಯಾಹ್ನ ಪ್ರಿಂಟ್ ತೆಗೆದ್ರಿ, ಅದು ಯಂತ್ರದ ಕೆಲಸ."

"ಸಾರ್, ಅದು ಸದ್ದಿಲ್ಲದ ಕೀಬೋರ್ಡು..."

"ಸದ್ದಿಲ್ಲದ ಕೀಬೋರ್ಡು ನಮ್ಮಲ್ಲಿ ಎಲ್ಲಿದೆ? ಯಾವಾಗ ಬಂತು? ಯಾರು ತಂದ್ರು?"

ದೇವರಾಜ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮಧ್ಯಾಹ್ನ ಕೆಲಸ ಮಾಡಿದ್ದೆ ಎನ್ನಬೇಕಾದರೆ ಬೆಳಿಗ್ಗೆ ಇರಲಿಲ್ಲ ಎನ್ನಬೇಕು. ಬೆಳಿಗ್ಗೆ ಇರಲಿಲ್ಲ ಎಂದರೆ ಇವತ್ತೇ ಮನೆಗೆ. ಬಾಗಿಲಾಚೆ ಸಾವಿತ್ರಿಬಾಯಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು.

ಜಯಪ್ಪನವರು ವರದಿಯ ಹಾಳೆಯನ್ನು ಅವನ ಕಡೆ ತಿರುಗಿಸಿದರು. "ನಾನು ಅನ್ಯಾಯ ಮಾಡೋ ಮನುಷ್ಯ ಅಲ್ಲ. ಬೆಳಿಗ್ಗೆ ನೀವು ಚಿನ್ನ, ಮಧ್ಯಾಹ್ನ ಮಣ್ಣು. ಅದಕ್ಕೆ ಅರ್ಧ ದಿನಕ್ಕೆ ಕಾಯಂ ಮಾಡಿ ಅಂತ ಬರೆದಿದೀನಿ. ಅರ್ಧ ದಿನ, ಅರ್ಧ ಸಂಬಳ. ಇನ್ಮೇಲೆ ಇವತ್ತು ಬೆಳಿಗ್ಗೆ ಕೇಳಿಸಿದ ಸ್ಪೀಡು ದಿನಾ ಕೇಳಿಸಬೇಕು. ಅಷ್ಟೇ ನಾ ಕೇಳೋದು."

ದೇವರಾಜ ಕೈ ಮುಗಿದು, "ಉಪಕಾರವಾಯ್ತು ಸಾರ್," ಎಂದ. ಆಮೇಲೆ ಬಾಗಿಲಾಚೆ ನಿಂತಿದ್ದ ಸಾವಿತ್ರಿಬಾಯಿಯವರ ಹತ್ತು ಬೆರಳಿನ ಕಡೆ ನೋಡಿದ.