ಹದಿನೇಳನೇ ಕಲ್ಲು

ದಿಬ್ಬಣ್ಣ ತಾನು ಆರು ವರ್ಷಗಳಿಂದ ಕಾಯುತ್ತಿದ್ದ ಕಲ್ಲುಗಳನ್ನು ಒಂದು ದಿನವೂ ಎಣಿಸಿರಲಿಲ್ಲ. ಕಲ್ಲುಗಳೇನು ಕುರಿಗಳೇ, ಸಂಜೆಯಾದೊಡನೆ ಎಣಿಸಿ ಕೂಡಿಹಾಕಲು? ಮೂರು ಸಾವಿರ ವರ್ಷಗಳ ಹಿಂದೆ ಕಡಲ ಪಕ್ಕದ ಗುಡ್ಡದ ನೆತ್ತಿಯಲ್ಲಿ ಯಾರೋ ತಮ್ಮ ಹಿರಿಯನೊಬ್ಬನನ್ನು ಹೂತು, ಮೇಲೆ ಮಣ್ಣಿನ ದಿಬ್ಬ ಎಬ್ಬಿಸಿ, ಸುತ್ತಲೂ ಕುಂಬಳಕಾಯಿ ಗಾತ್ರದ ಕಲ್ಲುಗಳನ್ನು ಕೂರಿಸಿ ಹೋಗಿದ್ದರು. ಪುರಾತತ್ವ ಇಲಾಖೆಯವರು ಎಂದೋ ಬಂದು ಒಂದೊಂದರ ಬೆನ್ನ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಅದನ್ನು ಕಾಯಲು ನೇಮಕವಾದವನಿಗೆ ಗುಡ್ಡದ ಬುಡದ ಬೀದಿಯವರು ದಿಬ್ಬಣ್ಣ ಎಂದು ಹೆಸರಿಟ್ಟರು. ಈಗ ಅವನ ಹೆಂಡತಿಗೂ ಅವನ ನಿಜವಾದ ಹೆಸರು ನೆನಪಾಗಬೇಕಾದರೆ ಮದುವೆಯ ಕರೆಯೋಲೆ ಹುಡುಕಬೇಕಿತ್ತು.

ಅಂದು ಬೆಳಿಗ್ಗೆ ಫೋನು ಬಂತು. ಹೊಸ ಅಧಿಕಾರಿ ಮೇಡಂ ನಾಲ್ಕು ಗಂಟೆಗೆ ಗುಡ್ಡಕ್ಕೆ ಬಂದು ಕಲ್ಲುಗಳನ್ನು ರಿಜಿಸ್ಟರಿನೊಂದಿಗೆ ತಾಳೆ ನೋಡುತ್ತಾರೆ. ಎಲ್ಲ ಸರಿಯಿದ್ದರೆ ದಿಬ್ಬಣ್ಣನ ವರ್ಗಾವಣೆ ಅರ್ಜಿಯನ್ನೂ ಆಗಲೇ ನೋಡುತ್ತಾರೆ. ಅವನು ಕೇಳಿದ್ದು ಪೇಟೆಯ ವಸ್ತುಸಂಗ್ರಹಾಲಯವನ್ನು. ಗ್ರಂಥಾಲಯದ ಹಿಂಬದಿಯ ಒಂದೇ ಒಂದು ಕೋಣೆ ಅದು. ಆದರೆ ಅಲ್ಲಿ ಫ್ಯಾನಿತ್ತು, ಕುರ್ಚಿಯಿತ್ತು, ಮುಖ್ಯವಾಗಿ ಮುನ್ನೂರ ಹನ್ನೆರಡು ಮೆಟ್ಟಿಲುಗಳಿರಲಿಲ್ಲ. ಅಲ್ಲಿಯ ಕಾವಲುಗಾರ ಮುಂದಿನ ತಿಂಗಳು ನಿವೃತ್ತನಾಗುವವನಿದ್ದ. ದಿಬ್ಬಣ್ಣನ ಎರಡು ಮಂಡಿಗಳೂ ಆ ತಿಂಗಳಿಗಾಗಿ ಒಂದೇ ರಾಗದಲ್ಲಿ ನರಳುತ್ತಿದ್ದವು.

ಅವನು ಮೆಟ್ಟಿಲು ಹತ್ತಿ, ಬೆವರು ಒರೆಸಿಕೊಂಡು, ಮೊದಲ ಬಾರಿಗೆ ಎಣಿಸಿದ. ಇಪ್ಪತ್ತಮೂರು. ನಂಬರುಗಳು ಮಾತ್ರ ಇಪ್ಪತ್ತನಾಲ್ಕರವರೆಗೆ ಇದ್ದವು. ಹದಿನಾರಾದ ಮೇಲೆ ಒಂದು ಹಿಡಿ ಹುಲ್ಲು, ಆಮೇಲೆ ಹದಿನೆಂಟು. ಹತ್ತಿದ ವೇಗಕ್ಕಿಂತ ಜೋರಾಗಿ ಇಳಿದು ಮನೆಗೆ ಬಂದ.

“ಲೇ, ನೀನೇನಾದ್ರೂ ಗುಡ್ಡದಿಂದ ಕಲ್ಲು ತಂದಿದ್ದೀಯಾ?”

“ಹೋದ ವರ್ಷ ನಿಮಗೆ ಬುತ್ತಿ ಕೊಟ್ಟು ಬರೋವಾಗ ಒಂದು ತಂದೆ,” ಎಂದಳು ಹೆಂಡತಿ. “ಬಚ್ಚಲಮನೆ ಶೀಟು ಗಾಳಿಗೆ ಹಾರ್ತಾ ಇತ್ತು. ನಿಮಗೆ ಹೇಳಿ ಹೇಳಿ ಸಾಕಾಗಿತ್ತಲ್ಲ.”

“ಅದರ ಮೇಲೆ ನಂಬರಿತ್ತಾ?”

“ನಾನು ಕಲ್ಲು ತಂದೆ, ಓದಲಿಲ್ಲ.”

ದಿಬ್ಬಣ್ಣ ಏಣಿ ಹಾಕಿ ಹತ್ತಿ ಕಲ್ಲನ್ನು ಎತ್ತಿದ. ಒಂದು ವರ್ಷದಿಂದ ಹೊಂಚುಹಾಕಿ ಕುಳಿತಿದ್ದ ಕಡಲಗಾಳಿ ಶೀಟನ್ನು ಹಪ್ಪಳದಂತೆ ಎತ್ತಿಕೊಂಡು ಹೋಯಿತು. ಒಳಗೆ ಅವನ ಮಾವ ತಲೆತುಂಬ ಸೋಪು ಹಚ್ಚಿಕೊಂಡು ಕುಳಿತಿದ್ದರು.

“ಅಳಿಯಂದಿರೇ, ಆಕಾಶ ಕಾಣ್ತಾ ಇದೆ.”

“ಒಂದೇ ನಿಮಿಷ, ಮಾವ.”

“ನನಗೆ ಆಕಾಶ ಕಂಡ್ರೆ ತೊಂದರೆ ಇಲ್ಲಪ್ಪ. ಮಹಡಿ ಮೇಲಿರೋ ದರ್ಜಿ ಅಕ್ಕನಿಗೆ ನಾನು ಕಾಣ್ತಾ ಇದ್ದೀನಿ.”

ಪಕ್ಕದ ಮನೆಯ ದರ್ಜಿ ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಶೀಟನ್ನು ತಂದುಕೊಟ್ಟಳು. ಆದರೆ ಕಿವಿಗಳನ್ನು ತಿರುಗಿಸಿರಲಿಲ್ಲ. ಎರಡೇ ನಿಮಿಷದಲ್ಲಿ ವಿಷಯವೆಲ್ಲ ಅವಳ ಮಡಿಲಿಗೆ ಬಿತ್ತು.

“ಇದು ಹದಿನೇಳೇ ಅಂತ ಏನು ಗ್ಯಾರಂಟಿ ದಿಬ್ಬಣ್ಣ? ನಂಬರೇ ಇಲ್ವಲ್ಲ.”

“ಮಳೆಗೆ ಅಳಿಸಿರಬೇಕು ಅಕ್ಕ.”

“ಮಿಕ್ಕ ಇಪ್ಪತ್ತಮೂರೂ ಅದೇ ಮಳೆಯಲ್ಲಿ ನೆನೆದಿವೆ. ಅವು ಅಳಿಸಿಲ್ಲ.”

“ನಮ್ಮನೆ ಮೇಲೆ ಮಳೆ ಸ್ವಲ್ಪ ಜೋರು,” ಎಂದು ಹೆಂಡತಿ ಮಾತು ಮುಗಿಸಿದಳು.

ನಂಬರು ಬರೆಯಲು ಎದುರುಮನೆಯ ಡ್ರಾಯಿಂಗ್ ಮೇಷ್ಟ್ರನ್ನು ಕರೆಸಲಾಯಿತು. ನಿವೃತ್ತರಾದ ಮೇಲೆ ಯಾರ ಚಿತ್ರವನ್ನೂ ತಿದ್ದಲು ಸಿಗದೆ ಅವರ ಬೆರಳುಗಳು ತುಕ್ಕು ಹಿಡಿದಿದ್ದವು. ಹದಿನೇಳು ಎಂದು ಬರೆದು, ಮೂರು ಹೆಜ್ಜೆ ಹಿಂದೆ ಸರಿದು, ತಲೆಯಲ್ಲಾಡಿಸಿದರು.

“ಹೊಸ ಬಣ್ಣ ಹೊಸದಾಗಿ ಕಾಣುತ್ತಪ್ಪ. ಒಣಗಲಿ, ಆಮೇಲೆ ವಯಸ್ಸು ಕೊಡಬೇಕು.”

ವಯಸ್ಸು ಕೊಡುವುದೆಂದರೆ ಟೀ ಡಿಕಾಕ್ಷನ್ ಸುರಿಯುವುದು, ಬೂದಿ ತಿಕ್ಕುವುದು, ಇಟ್ಟಿಗೆಯಿಂದ ಉಜ್ಜುವುದು, ಮತ್ತೆ ಡಿಕಾಕ್ಷನ್ ಸುರಿಯುವುದು. ಎರಡು ಗಂಟೆಯ ಹೊತ್ತಿಗೆ ಕಲ್ಲು ಮೇಷ್ಟ್ರಿಗಿಂತ ಮುದಿಯಾಗಿ ಕಾಣುತ್ತಿತ್ತು.

ಇಷ್ಟರಲ್ಲಿ ದರ್ಜಿ ಅಕ್ಕ ಸುಮ್ಮನಿರಲಿಲ್ಲ. ಆ ಬೀದಿಯಲ್ಲಿ ಗಾಳಿಗೆ ಹೆದರದ ಮನೆಯಿರಲಿಲ್ಲ. ಗುಡ್ಡದ ಕಲ್ಲಿಲ್ಲದ ಮನೆಯೂ ಇರಲಿಲ್ಲ. ಒಬ್ಬರು ಡ್ರಮ್ಮಿನ ಮುಚ್ಚಳಕ್ಕೆ, ಒಬ್ಬರು ಬಾಗಿಲಿಗೆ, ಒಬ್ಬರು ಕೋಳಿಗೂಡಿಗೆ ಇಟ್ಟುಕೊಂಡಿದ್ದರು. “ಇಲಾಖೆಯವರು ಮನೆಮನೆ ಹುಡುಕ್ತಾರಂತೆ” ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ “ಜೈಲಂತೆ” ಎಂದಾಗಿತ್ತು.

ದಿಬ್ಬಣ್ಣ ಕಲ್ಲು ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದಾಗ ದಿಬ್ಬದ ಸುತ್ತ ಜಾತ್ರೆ ನೆರೆದಂತಿತ್ತು. ಕಲ್ಲಿನ ಬಳೆಯ ಹೊರಗೆ ಇನ್ನೊಂದು ಸುತ್ತು ಹೊಸ ಕಲ್ಲುಗಳು ಕುಳಿತಿದ್ದವು. ಒಂದರ ಮೇಲೆ ಕೋಳಿಪುಕ್ಕ ಅಂಟಿತ್ತು. ಇನ್ನೊಂದರ ಮೇಲೆ ನೀಲಿ ಅಕ್ಷರದಲ್ಲಿ ‘ಸುಸ್ವಾಗತ’ ಎಂದಿತ್ತು.

“ಎಲ್ಲಾ ವಾಪಸ್ ಕೊಟ್ಟಿದ್ದೀವಪ್ಪ,” ಎಂದಳು ದರ್ಜಿ ಅಕ್ಕ. “ಯಾರ ಹೆಸರೂ ಹೊರಗೆ ಬರಬಾರದು.”

“ಅಯ್ಯೋ, ನನಗೆ ಬೇಕಾಗಿರೋದು ಇಪ್ಪತ್ತನಾಲ್ಕೇ ಅಕ್ಕ. ದಯವಿಟ್ಟು ತಗೊಂಡು ಹೋಗಿ.”

“ಕೊಟ್ಟದ್ದನ್ನ ವಾಪಸ್ ತಗೊಳ್ಳೋ ಜನ ಅಲ್ಲ ನಾವು.” ನಿಜವಾದ ಕಾರಣ, ಮತ್ತೆ ಹೊತ್ತು ಇಳಿಯುವ ಶಕ್ತಿ ಯಾರಲ್ಲೂ ಇರಲಿಲ್ಲ.

ಗಂಟೆ ಮೂರೂವರೆ. ದಿಬ್ಬಣ್ಣ ಹಾರೆ ತಂದು ಹದಿನಾರು ಮತ್ತು ಹದಿನೆಂಟರ ನಡುವೆ ಗುಣಿ ತೋಡಿದ. ಕಲ್ಲನ್ನು ಇಟ್ಟ, ತೆಗೆದ, ಕೆರೆದ, ಮತ್ತೆ ಇಟ್ಟ. ಹುಲ್ಲನ್ನು ಸುತ್ತಲೂ ಒತ್ತಿದ. ಕೆಳಗೆ ಜೀಪಿನ ಸದ್ದು ಕೇಳಿಸಿತು.

“ಎಲ್ಲರೂ ಅವರವರ ಕಲ್ಲಿನ ಮೇಲೆ ಕೂತ್ಕೊಳ್ಳಿ,” ಎಂದರು ಮೇಷ್ಟ್ರು, ತರಗತಿಯ ದನಿಯಲ್ಲಿ. ಹತ್ತೊಂಬತ್ತು ಜನ ಸೀರೆ, ಪಂಚೆ ಹರಡಿಕೊಂಡು ಕುಳಿತರು. ‘ಸುಸ್ವಾಗತ’ದ ಮೇಲೆ ಮಾವನವರು ಕುಳಿತರು.

ಮೇಡಂ ರಿಜಿಸ್ಟರು ಹಿಡಿದು ಬಂದರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ಅನುಮಾನವೆಂಬುದು ಹತ್ತಿರ ಸುಳಿಯದ ನಡಿಗೆ.

“ಇವರೆಲ್ಲ ಯಾರು?”

“ಇತಿಹಾಸದಲ್ಲಿ ಆಸಕ್ತಿ ಇರೋರು ಮೇಡಂ.”

“ಸ್ವಲ್ಪ ಎದ್ದು ಆಚೆ ನಿಲ್ತಾರಾ?”

“ಒಂದು ಸಲ ಆಸಕ್ತಿ ಬಂದ್ರೆ ಅವರು ಏಳಲ್ಲ ಮೇಡಂ.”

ಮೇಡಂ ಒಳಸುತ್ತಿನ ಒಂದೊಂದೇ ಕಲ್ಲಿಗೆ ಟಿಕ್ ಹಾಕುತ್ತ ಬಂದರು. ಹದಿನಾರು. ಆಮೇಲೆ ನಿಂತರು. ಪೆನ್ನು ತುಟಿಗೆ ಹೋಯಿತು.

“ಈ ಹದಿನೇಳು ಇಲ್ಲಿಗೆ ಹೇಗೆ ಬಂತು?”

“ಬಂದಿಲ್ಲ ಮೇಡಂ. ಇಲ್ಲೇ ಇತ್ತು.”

“ರಿಜಿಸ್ಟರ್ ಪ್ರಕಾರ ಹನ್ನೊಂದು ವರ್ಷದ ಹಿಂದೆ ಇದನ್ನ ಪೇಟೆಯ ಸಂಗ್ರಹಾಲಯಕ್ಕೆ ಸಾಗಿಸಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಬೆಳಿಗ್ಗೆ ತಾನೇ ನೋಡಿಕೊಂಡು ಬಂದೆ.”

ದಿಬ್ಬಣ್ಣ ಆ ಕೋಣೆಗೆ ನಾಲ್ಕು ಸಲ ಹೋಗಿದ್ದ. ನಾಲ್ಕು ಸಲವೂ ಫ್ಯಾನನ್ನು ಮಾತ್ರ ನೋಡಿ ಬಂದಿದ್ದ. ಹತ್ತೊಂಬತ್ತು ಜನ ಕಡಲನ್ನು ಮೊದಲ ಸಲ ಕಾಣುವವರಂತೆ ನೋಡತೊಡಗಿದರು.

ಮೇಡಂ ಮಂಡಿಯೂರಿ ಕಲ್ಲನ್ನು ಅಲುಗಿಸಿದರು. ಅದು ಅಲುಗಲಿಲ್ಲ.

“ಗುಣಿಯಲ್ಲಿ ಎಷ್ಟು ಸರಿಯಾಗಿ ಕೂತಿದೆ ನೋಡಿ. ಸಾವಿರಾರು ವರ್ಷ ಒಂದೇ ಕಡೆ ಇದ್ರೆ ಮಾತ್ರ ಹೀಗೆ ಕೂರುತ್ತೆ. ಈ ಬಣ್ಣ ನೋಡಿ, ಎಷ್ಟು ಬಿಸಿಲು ತಿಂದಿದೆ.” ಹಿಂದಿನಿಂದ ಮೇಷ್ಟ್ರು ನಾಚಿಕೊಂಡು ಕೆಮ್ಮಿದರು. “ಅಂದ್ರೆ ಅಸಲಿ ಇದು. ಅಲ್ಲಿರೋದು ನಕಲಿ. ಹನ್ನೊಂದು ವರ್ಷದಿಂದ ನಾವು ಯಾವುದೋ ಕಲ್ಲನ್ನ ಗಾಜಿನಲ್ಲಿಟ್ಟು ಕಾಯ್ತಾ ಇದ್ದೀವಿ.”

ದಿಬ್ಬಣ್ಣನಿಗೆ ಹೋದ ಜೀವ ಬಂತು. “ಹಾಗೇ ಇರಬೇಕು ಮೇಡಂ. ನನಗೆ ಮೊದಲಿಂದಲೂ ಅನುಮಾನ.”

“ಬರೆದು ಕೊಡ್ತೀರಾ?”

“ಈಗಲೇ.”

ಬರೆದ, ಸಹಿ ಹಾಕಿದ. ಮೇಷ್ಟ್ರು ಕರೆಯದಿದ್ದರೂ ಸಾಕ್ಷಿ ಹಾಕಿದರು. ಮೇಡಂ ಕಾಗದವನ್ನು ಫೈಲಿಗೆ ಸೇರಿಸಿ ದಾರ ಕಟ್ಟಿದರು.

“ಮೇಡಂ, ನನ್ನ ವರ್ಗಾವಣೆ...”

“ಎಲ್ಲಿಗೆ ಕೇಳಿದ್ರಿ?”

“ಆ ಸಂಗ್ರಹಾಲಯಕ್ಕೇ.”

“ಅಲ್ಲಿದ್ದದ್ದೇ ಆ ಒಂದು ಕಲ್ಲು. ಅದೂ ನಕಲಿ ಅಂತ ನೀವೇ ಬರ್ಕೊಟ್ರಲ್ಲ. ನಾಳೆಯಿಂದ ಆ ಕೋಣೆ ಮುಚ್ಚಿಸ್ತೀನಿ. ಗ್ರಂಥಾಲಯದವರು ಹಳೇ ಪತ್ರಿಕೆ ಇಡೋಕೆ ಜಾಗ ಕೇಳ್ತಾನೇ ಇದ್ರು.”

ದಿಬ್ಬಣ್ಣ ಬಾಯಿ ತೆರೆದ. ಸತ್ಯ ನಾಲಿಗೆಯ ತುದಿಯವರೆಗೂ ಬಂದಿತ್ತು.

“ಇನ್ನೊಂದು ವಿಷಯ,” ಎಂದರು ಮೇಡಂ. “ಸುಳ್ಳು ಕಲ್ಲಿಗೆ ನಂಬರು ಬರೆದು ಇಲಾಖೆಗೆ ಮೋಸ ಮಾಡಿದವರು ಯಾರೇ ಆಗಲಿ, ಪತ್ತೆ ಹಚ್ಚಿ ಮನೆಗೆ ಕಳಿಸ್ತೀನಿ. ಪಿಂಚಣಿನೂ ಇರಲ್ಲ. ನೀವೇನೋ ಹೇಳೋಕೆ ಬಂದ್ರಿ?”

ಸತ್ಯ ಬಂದ ದಾರಿಯಲ್ಲೇ ಹಿಂದಿರುಗಿ ಹೊಟ್ಟೆ ಸೇರಿತು.

“ಏನಿಲ್ಲ ಮೇಡಂ. ಈ ಜಾಗ ತುಂಬಾ ಚೆನ್ನಾಗಿದೆ, ಅಂತ.”

ಮೇಡಂ ಮುಖ ಅರಳಿತು. “ನಿಮ್ಮಂಥವರು ಸಿಗೋದು ಕಷ್ಟ. ನಿವೃತ್ತಿಗೆ ಇನ್ನೆಷ್ಟು ವರ್ಷ ಇದೆ?”

“ಒಂಬತ್ತು.”

“ಅಷ್ಟೂ ವರ್ಷ ನಿಮ್ಮನ್ನ ಇಲ್ಲಿಂದ ಯಾರೂ ಅಲುಗಿಸದ ಹಾಗೆ ನಾನು ನೋಡ್ಕೊಳ್ತೀನಿ,” ಎಂದರು ಮೇಡಂ. ಹತ್ತೊಂಬತ್ತು ಜನ ಕುಳಿತಲ್ಲಿಂದಲೇ ಚಪ್ಪಾಳೆ ತಟ್ಟಿದರು.