ಕೃಷ್ಣಾಬಾಯಿಯವರ ಸೇವಾ ಪುಸ್ತಕ ಶೋಧನಾ ಸಮಿತಿ

ಬೇಗಂಪೇಟೆಯ ಅಖಿಲ ಭಾರತ ನಟ್ಟು-ಬೋಲ್ಟು ನಿಗಮದ ಪ್ರಾದೇಶಿಕ ಕಚೇರಿಯಲ್ಲಿ ಇಂದಿನವರೆಗೆ ಒಂದೇ ಒಂದು ಕಡತವೂ ಕಳೆದುಹೋಗಿಲ್ಲ. ಕೆಲವು ಸಿಕ್ಕಿಲ್ಲ, ಅಷ್ಟೆ. ಈ ಎರಡರ ವ್ಯತ್ಯಾಸ ತಿಳಿಯದ ಹೊರಗಿನವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ ಬಿಡಿ.

ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತರಾಗಬೇಕಿದ್ದ ಹಿರಿಯ ಸಹಾಯಕಿ ಕೃಷ್ಣಾಬಾಯಿಯವರ ಸೇವಾ ಪುಸ್ತಕ ಇದೇ ರೀತಿ, ಫೆಬ್ರವರಿ ಮೊದಲ ವಾರದಲ್ಲಿ, ಸಿಗದೆ ಹೋಯಿತು. ನೌಕರಿಗೆ ಸೇರಿದ ದಿನದಿಂದ ರಜೆ, ಬಡ್ತಿ, ವರ್ಗಾವಣೆ ಎಲ್ಲ ಬರೆದಿಟ್ಟ ಪುಸ್ತಕ ಅದು. ನಿಗಮದ ನಿಯಮ ೪೭(ಕ) ಸ್ಪಷ್ಟವಾಗಿದೆ: ಸೇವೆಗೆ ಸೇರಿದ್ದಕ್ಕೇ ದಾಖಲೆ ಇಲ್ಲದವರು ಸೇವೆಯಿಂದ ಹೊರಗೆ ಹೋಗುವಂತಿಲ್ಲ. ಪುಸ್ತಕ ಸಿಗುವ ತನಕ ಅವರು ದಿನಾ ಬಂದು ಕೂರಬೇಕು; ಆದರೆ ವಯಸ್ಸು ಮೀರಿರುವುದರಿಂದ ಕೆಲಸ ಮಾಡಕೂಡದು.

ಕೃಷ್ಣಾಬಾಯಿಯದು ಮೂವತ್ತೊಂದು ವರ್ಷ ಕೋಠಿಯಿಂದ ಸಿಟಿ ಬಸ್ಸಿನಲ್ಲಿ ಜೋತಾಡಿಕೊಂಡು ಬಂದ ಜೀವ. ಏಪ್ರಿಲ್ ಒಂದರ ಬೆಳಿಗ್ಗೆ, ಬಸ್ಸಿನ ಹಂಗಿಲ್ಲದೆ, ಮನೆಯ ಜೋಕಾಲಿಯ ಮೇಲೆ ಕೂತು, ಚಾ ಕುಡಿಯುತ್ತ, ಮೊಬೈಲಿನಲ್ಲಿ ಬಚ್ಚಿಟ್ಟ ಸಾಮಾನು ಹುಡುಕುವ ಆಟದ ನಾನೂರ ಹನ್ನೆರಡನೇ ಹಂತ ಮುಗಿಸಬೇಕು. ಇಷ್ಟೇ ಆಕೆಯ ಆಸೆ. ನಗುವವರು ನಕ್ಕುಕೊಳ್ಳಿ, ಮೂವತ್ತೊಂದು ವರ್ಷ ಜೋತಾಡಿ ಆಮೇಲೆ ನಗಿ.

ಆಟಗಳ ಬಗ್ಗೆ ಬಾಯಿಯವರ ಅಭಿಪ್ರಾಯಗಳು ಇಡೀ ಕಚೇರಿಗೆ ಬಾಯಿಪಾಠ. ಒಂದೇ ಬಣ್ಣದ ಮೂರು ಹರಳು ಜೋಡಿಸುವ ಆಟ ಅಕ್ಕಿ ಆರಿಸಿದ ಹಾಗೆ. ತಲೆಗೆ ಕೆಲಸವಿಲ್ಲ, ಕೈ ಮಾತ್ರ ಬಿಡುವುದಿಲ್ಲ. ಊರು ಕಟ್ಟುವ ಆಟದಲ್ಲಿ ಒಂದು ಬಾವಿಗೆ ಎಂಟು ತಾಸು ಕಾಯಿಸುತ್ತಾರೆ, ಅದನ್ನು ಕಂಡರೆ ಮೈ ಉರಿಯುತ್ತದೆ. ಆಟವೆಂದರೆ ಸಾಮಾನು ಹುಡುಕುವುದೇ. ಆದರೆ ಕಂದು ಕಪಾಟಿನ ಮೇಲೆ ಕಂದು ಕೀಲಿಕೈ ಇಡುವುದು ಶುದ್ಧ ಮೋಸ.

ಇಂಥ ಕಣ್ಣು ಹೊತ್ತ ಕೃಷ್ಣಾಬಾಯಿ ಉಪವ್ಯವಸ್ಥಾಪಕ ಮಲ್ಲಿಕಾರ್ಜುನ ಅವರ ಕೋಣೆಗೆ ಅರ್ಜಿ ಕೊಡಲು ಹೋದರು. ನಾಲ್ಕೇ ಸೆಕೆಂಡು.

"ಸರ, ಸಿಕ್ತಲ್ರಿ! ನಿಮ್ಮ ಟೇಬಲ್ಲಿನ ಎಡಗಾಲ ಕೆಳಗ ಐತ್ರಿ! ಕೆಂಪು ರಟ್ಟು, ನನ್ನ ಹೆಸರು ಸುದ್ದಾ ಕಾಣಾಕತ್ತೈತಿ!"

ಮಲ್ಲಿಕಾರ್ಜುನ ಬಗ್ಗಿ ನೋಡಿದರು. ಎದ್ದು ಕನ್ನಡಕ ಒರೆಸಿಕೊಂಡರು.

"ಕಾಣಾಕತ್ತೈತಿ ಖರೆ. ಆದ್ರ ಸಿಕ್ಕಿಲ್ರಿ."

"ಅಂದ್ರ?"

"ಯಾರ ಪುಸ್ತಕ ಸಿಕ್ಕಿಲ್ಲೋ ಅವರೇ ಹುಡುಕಿದ್ರ ಸ್ವಹಿತಾಸಕ್ತಿ ಆಗ್ತೈತಿ. ಸಮಿತಿ ಹುಡುಕಬೇಕು. ಚಿಂತಿ ಬ್ಯಾಡ್ರಿ ಬಾಯಾರ, ಸಮಿತಿಗೆ ನಾನೇ ಅಧ್ಯಕ್ಷ."

ಸ್ಟೋರಿನ ಕಲ್ಲೇಶ, ಸಿಬ್ಬಂದಿ ವಿಭಾಗದ ಶೀತಲ ಇಬ್ಬರೂ ಸದಸ್ಯರಾದರು. ಸಮಿತಿ ಅದೇ ಟೇಬಲ್ಲಿನ ಸುತ್ತ ಸಭೆ ಸೇರಿತು. ಹುಡುಕುವುದು ಮೂವರಿಗೂ ಹೊಸ ಕೆಲಸ. ಹಾಗಾಗಿ ಕೃಷ್ಣಾಬಾಯಿಯವರನ್ನೇ ವಿಷಯ ತಜ್ಞೆಯಾಗಿ ಕರೆಸಲಾಯಿತು.

"ಆ ಆಟದಾಗ ಹೆಂಗ ಹುಡುಕಸ್ತಾರ್ರಿ?" ಎಂದರು ಮಲ್ಲಿಕಾರ್ಜುನ.

"ಸುಡ್ಲಿ ಬಿಡ್ರಿ ಸರ. ಒಂದು ಹಂತ ಮುಗೀದೆ ಮುಂದಿಂದು ತೆಗಿಯಂಗಿಲ್ಲ. ಮೂರು ಸಲ ತಪ್ಪು ಮುಟ್ಟಿದ್ರ ಆಟ ನಿಂದರಸ್ತಾರ. ಒಂದು ಸುಳಿವು ಕೇಳಿದ್ರ, ಮತ್ತೊಂದು ತುಂಬಿಕೊಳ್ಳೋತನಕ ಕಾಯಬೇಕು."

"ಜನಾ ಕಾಯ್ತಾರ?"

"ಕಾಯ್ತಾರ್ರಿ."

"ತಾವಾಗೇ? ಬೈಯೋದಿಲ್ಲ?"

"ಬೈಕೋತ ಕಾಯ್ತಾರ್ರಿ."

ಮಲ್ಲಿಕಾರ್ಜುನ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಮೂವತ್ತೊಂದು ವರ್ಷದ ಸರ್ಕಾರಿ ನೌಕರಿಯಲ್ಲಿ ಅವರ ಮುಖದ ಮೇಲೆ ಅಂಥ ನೆಮ್ಮದಿಯನ್ನು ಯಾರೂ ಕಂಡಿರಲಿಲ್ಲ.

ಮರುದಿನ ಸುತ್ತೋಲೆ ಹೊರಟಿತು: "ಶೋಧನೆಯನ್ನು ಆಟಗಾರ್ತಿಯ ಅಮೂಲ್ಯ ಅಭಿಪ್ರಾಯದಂತೆ ನಡೆಸತಕ್ಕದ್ದು. ಪ್ರತಿ ಕೋಣೆಯೂ ಒಂದು ಹಂತ. ಕೆಳಗಿನ ಹಂತ ಮುಗಿಯದೆ ಮೇಲಿನದರತ್ತ ಕಣ್ಣೆತ್ತಿಯೂ ನೋಡತಕ್ಕದ್ದಲ್ಲ. ತಪ್ಪು ವಸ್ತುವನ್ನು ಮೂರು ಸಲ ಮುಟ್ಟಿದ ಸದಸ್ಯರು ಆ ದಿನ ಮತ್ತೇನನ್ನೂ ಮುಟ್ಟತಕ್ಕದ್ದಲ್ಲ. ಸುಳಿವು ನೀಡುವ ಅಧಿಕಾರ ಶ್ರೀಮತಿ ಶೀತಲ ಅವರದು; ಒಮ್ಮೆ ನೀಡಿದ ಸುಳಿವು ಪುನಃ ತುಂಬಿಕೊಳ್ಳಲು ಹದಿನೈದು ದಿನ."

ತಾನು ಯಾವ್ಯಾವುದನ್ನು ಬೈದಿದ್ದೆನೋ ಅವೆಲ್ಲ ನಿಯಮವಾಗಿ ಬಂದದ್ದನ್ನು ನೋಡಿ ಕೃಷ್ಣಾಬಾಯಿ ಬಾಯಿಗೆ ಸೆರಗು ಹಿಡಿದರು. ಅಭಿಪ್ರಾಯ ಹೇಳುವ ಚಟ ಈ ಪಾಟಿ ತುಟ್ಟಿಯಾದೀತೆಂದು ಯಾರಿಗೆ ಗೊತ್ತು!

ಮೊದಲನೇ ಹಂತ ಸೈಕಲ್ ಸ್ಟ್ಯಾಂಡು. ಎರಡನೆಯದು ಕ್ಯಾಂಟೀನು, ಅಲ್ಲಿ ಉಪ್ಪಿಟ್ಟು ರುಚಿಯಾಗಿದ್ದರಿಂದ ಶೋಧನೆ ಎಂಟು ದಿನ ಆಳವಾಗಿ ನಡೆಯಿತು. ಕಲ್ಲೇಶ ದಿನಾ ಹತ್ತು ಗಂಟೆಯೊಳಗೆ ಫ್ಯಾನಿನ ಸ್ವಿಚ್ಚು, ಹೂಜಿ, ತನ್ನದೇ ಊಟದ ಡಬ್ಬಿ ಮುಟ್ಟಿ, ಉಳಿದ ದಿನ ನಿಯಮದ ಪ್ರಕಾರ ಕೈ ಕಟ್ಟಿ ಕೂತ. ಶೀತಲ ಮೊದಲ ಸುಳಿವನ್ನು ಚಾ ತರುವವನು ಎಲ್ಲಿದ್ದಾನೆಂದು ಹೇಳಲು, ಎರಡನೆಯದನ್ನು ಲಿಫ್ಟು ಎಲ್ಲಿ ನಿಂತಿದೆಯೆಂದು ಹೇಳಲು ಬಳಸಿದಳು. ದಾಖಲೆ ಕೋಣೆಯ ಹಂತದಲ್ಲಿ, ಹದಿನಾಲ್ಕು ವರ್ಷದ ಹಿಂದೆ ಅರ್ಧ ದಿನದ ರಜೆ ಹಾಕಿದ್ದ ಹನುಮಂತರಾಯ ಎಂಬ ಗುಮಾಸ್ತರು ಕಪಾಟಿನ ಹಿಂದೆ ಸಿಕ್ಕರು. ಹುಡುಕಬೇಕಾದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲವಾದ್ದರಿಂದ ಅಲ್ಲೇ ಬಿಟ್ಟು ಬರಲಾಯಿತು. ಅವರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮಾರ್ಚ್ ಮೂವತ್ತು. ಉಳಿದದ್ದು ಒಂದೇ ಹಂತ, ಅಧ್ಯಕ್ಷರ ಕೋಣೆ. ಕೃಷ್ಣಾಬಾಯಿಗೆ ಎರಡು ದಿನದಿಂದ ಅನ್ನ ಸೇರಿರಲಿಲ್ಲ. ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. ಮೂರು ಗಂಟೆಗೆ ಶೀತಲಳ ಸುಳಿವು ತುಂಬಿಕೊಂಡಿತು. ಅವಳು ಸ್ಕೇಲು ಎತ್ತಿ ಎಡಗಾಲಿನತ್ತ ತೋರಿಸಿದಳು.

"ಸಿಕ್ತು!" ಎಂದು ಕಲ್ಲೇಶ ಸೀಟಿ ಹೊಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಉಸ್ಮಾನಿಯಾ ಬಿಸ್ಕೀಟು ಹಂಚಲಾಯಿತು. ಕೃಷ್ಣಾಬಾಯಿ ಬಗ್ಗಿ ಪುಸ್ತಕಕ್ಕೆ ಕೈ ಹಾಕಿದರು.

"ಸಬೂರ ಮಾಡ್ರಿ!" ಮಲ್ಲಿಕಾರ್ಜುನ ಕಡತ ಬಿಡಿಸಿದರು. ಕಳೆದ ದಸರೆಯಲ್ಲಿ ಟೇಬಲ್ಲು ಅಲುಗಲು ಶುರುವಾಗಿತ್ತು. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ನಿಗಮ ದಿನಕ್ಕೆ ಲಕ್ಷ ಬೋಲ್ಟು ಮಾಡುತ್ತದಾದರೂ ಅವು ಮಾರಾಟಕ್ಕೆ, ಸ್ವಂತ ಬಳಕೆಗಲ್ಲ. ಆದ್ದರಿಂದ ಪುಸ್ತಕವನ್ನು 'ತಾತ್ಕಾಲಿಕ ಆಧಾರ'ವೆಂದು ಮಂಜೂರು ಮಾಡಲಾಗಿತ್ತು. ಅಷ್ಟೇ ದಪ್ಪದ, ಅದೇ ದರ್ಜೆಯ ದಾಖಲೆ ಇಡದೆ ಅದನ್ನು ತೆಗೆಯುವಂತಿಲ್ಲ.

ಕೃಷ್ಣಾಬಾಯಿಗೆ ದುಃಖ ಉಕ್ಕಿ ಬಂತು. "ನನ್ನ ಮೂವತ್ತೊಂದು ವರ್ಷ ನಿಮ್ಮ ಟೇಬಲ್ಲಿನ ಕಾಲಿಗೆ ಆತೇನ್ರಿ ಸರ?"

ಬಾಯಿಯವರು ಕಣ್ಣು ಮೂಗು ಒರೆಸಿಕೊಂಡರು, ಆಮೇಲೆ ರೂಢಿಯಂತೆ ಕೋಣೆಯನ್ನು ಒಮ್ಮೆ ಎಡದಿಂದ ಬಲಕ್ಕೆ ನೋಡಿದರು. ಕಿಟಕಿ. ಕ್ಯಾಲೆಂಡರು. ಕಂದು ಕಪಾಟು. ಕಪಾಟಿನ ಮೇಲೆ, ಕಂದು ಕಾಗದ ಹೊದಿಸಿದ ಒಂದು ಪುಸ್ತಕ; ಬೆನ್ನಿಗೆ ಅಧ್ಯಕ್ಷರ ಹೆಸರು.

"ಸರ, ಅದು ನಿಮ್ಮ ಸೇವಾ ಪುಸ್ತಕ ಅಲ್ಲೇನ್ರಿ?"

"ರಜಾ ಲೆಕ್ಕ ನೋಡಾಕ ತರಿಸಿದ್ದೆ."

"ನಿಮ್ದೂ ಮೂವತ್ತೊಂದು ವರ್ಷನ ಅಲ್ರಿ? ಶೀತಲ, ಅಳದು ನೋಡವಾ."

ಶೀತಲ ಸ್ಕೇಲು ಹಚ್ಚಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮಲ್ಲಿಕಾರ್ಜುನ ನಿಯಮ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಅಡ್ಡಿಪಡಿಸುವ ಒಂದು ಸಾಲೂ ಸಿಗಲಿಲ್ಲ. ನಿಯಮ ಅಡ್ಡ ಬಾರದಿದ್ದರೆ ಅವರು ಅಡ್ಡ ಬರುವವರಲ್ಲ. ಕೈಯಾರೆ ತಮ್ಮ ಪುಸ್ತಕವನ್ನು ಕಾಲಡಿ ತಳ್ಳಿ, ಕೊಟ್ಟವರು ಎಂಬಲ್ಲಿ ಒಂದು, ತೆಗೆದುಕೊಂಡವರು ಎಂಬಲ್ಲಿ ಒಂದು ಸಹಿ ಹಾಕಿದರು.

ಮರುದಿನ ಶಾಲು, ಹಾರ, ಆದೇಶ ಎಲ್ಲ ಆಯಿತು.

"ನಮ್ಮ ಕಚೇರಿ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ ಬಾಯಾರ?" ಎಂದರು ಮಲ್ಲಿಕಾರ್ಜುನ.

"ಐದಕ್ಕ ನಾಲ್ಕು ಚುಕ್ಕಿ ಕೊಡ್ತೀನ್ರಿ. ಜಾಹೀರಾತಿನ ಕಾಟ ಇಲ್ಲ. ಸುಳಿವು ಭಾಳ ತಡಾ."

ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳಲಾಯಿತು. ಆಮೇಲೆ ಮಲ್ಲಿಕಾರ್ಜುನ ಹೊಸ ಹಾಳೆ ತೆಗೆದು ತಮ್ಮದೇ ಅರ್ಜಿ ಬರೆಯತೊಡಗಿದರು: ತಾವು ಎರಡು ವರ್ಷದಲ್ಲಿ ನಿವೃತ್ತರಾಗುವುದಾಗಿಯೂ, ತಮ್ಮ ಸೇವಾ ಪುಸ್ತಕ ಸಿಗದಿರುವುದಾಗಿಯೂ, ಸಮಿತಿ ರಚಿಸಬೇಕಾಗಿಯೂ ವಿನಂತಿ.

"ಎಲ್ಲಿ ಹೋಗಿರಬೇಕ್ರಿ ಸರ?" ಎಂದ ಕಲ್ಲೇಶ, ಮೈತುಂಬ ಕಾಳಜಿಯಿಂದ.

"ಏನ್ ಗೊತ್ತೋ ಮಾರಾಯ. ಇಲ್ಲೇ ಎಲ್ಲೋ ಇರಬೇಕು."

ಕೃಷ್ಣಾಬಾಯಿ ತಮ್ಮ ಪುಸ್ತಕವನ್ನು ಎದೆಗವಚಿಕೊಂಡು ನೋಡುತ್ತ ನಿಂತರು. ಮಲ್ಲಿಕಾರ್ಜುನ ಟೇಬಲ್ಲಿಗೆ ಮೊಣಕೈ ಊರಿ, ಅರ್ಜಿಯ ಕೆಳಗೆ ಒತ್ತಿ ಸಹಿ ಹಾಕಿದರು. ಟೇಬಲ್ಲು ಒಂದಿಷ್ಟೂ ಅಲುಗಲಿಲ್ಲ.