ಹರಿಹರ ಬರುವುದರೊಳಗೆ

1961ನೆಯ ಇಸವಿ ಜೂನ್ 12, ಸೋಮವಾರ. ಆಧಾರ: ನನ್ನ ದಿನಚರಿ, ವಾರವನ್ನು ಹಳೆಯ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಆ ಕಾಲದ ದಾವಣಗೆರೆಯಲ್ಲಿ ಬಾಯಿಬಿಟ್ಟರೆ ಸುಳ್ಳು ಹೇಳಿಯೂ ಎಲ್ಲರ ಪ್ರೀತಿ ಗಳಿಸಿದ್ದವನು ಒಬ್ಬನೇ. ದುರದೃಷ್ಟವಶಾತ್ ಅವನು ನನ್ನ ಚಿಕ್ಕಪ್ಪನ ಮಗ, ವರಸೆಯಲ್ಲಿ ತಮ್ಮ.

ಕಥೆ ಬರೆಯುವುದನ್ನು ನಾವಿಬ್ಬರೂ ಒಟ್ಟಿಗೇ ಕಲಿಯತೊಡಗಿದೆವು. ನಾನು ಗ್ರಂಥಾಲಯದಲ್ಲಿ, ಅವನು ರೈಲಿನಲ್ಲಿ! ಹರಿಹರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಆತ ದಿನವೂ ಬೆಳಗಿನ ಗಾಡಿ ಹತ್ತಿ, ಎದುರು ಕುಳಿತವರಿಗೆ ತನ್ನ ಹೊಸ ಕಥೆಯನ್ನು ನಡೆದ ಸಂಗತಿಯೆಂಬಂತೆ ಹೇಳುತ್ತಿದ್ದ. ಹರಿಹರ ಬರುವುದರೊಳಗೆ ಕಥೆ ಮುಗಿಯಬೇಕು. ಯಾರಾದರೂ ಆಕಳಿಸಿದರೆ ಅಷ್ಟು ಭಾಗಕ್ಕೆ ಕತ್ತರಿ. ಅವನ ಕಾವ್ಯಮೀಮಾಂಸೆಯೆಲ್ಲ ಇಷ್ಟೇ.

ಒಮ್ಮೆ ಅವನು ಕಥೆ ಮುಗಿಸಿ ಇಳಿದುಹೋದ. ಕೇಳುತ್ತಿದ್ದ ಕೊಕ್ಕನೂರಿನ ಅಜ್ಜಿ ಅದೇ ಗುಂಗಿನಲ್ಲಿ ಹರಿಹರದಲ್ಲಿ ಇಳಿಯುವುದನ್ನೇ ಮರೆತು ಗಾಡಿಯಲ್ಲೇ ಹೊಳೆ ದಾಟಿಬಿಟ್ಟರು. ಮರುವಾರ ಸಿಕ್ಕಾಗ ಬೈದರೇ? ಇಲ್ಲ.

"ಯಪ್ಪಾ, ಆ ಹುಡುಗಿ ಆಮ್ಯಾಲೆ ಹೆಂಗದಾಳ? ಉಂಡಿದ್ದು ಮೈಗೆ ಹತ್ತವಲ್ದು."

ನನಗೂ ಹತ್ತಲಿಲ್ಲ, ಹೊಟ್ಟೆಕಿಚ್ಚಿನಿಂದ. ಒಂದು ದಿನ ನಾನೂ ಟಿಕೆಟ್ ಕೊಂಡು ಅವನ ಪಕ್ಕ ಕುಳಿತು ಕಥೆ ಆರಂಭಿಸಿದೆ. ಊರು ಸ್ಥಾಪನೆಯಾದ ಇಸವಿ, ಆ ಕುರಿತ ಭಿನ್ನಾಭಿಪ್ರಾಯಗಳು ಮುಗಿಯುವಷ್ಟರಲ್ಲಿ ಎದುರಿದ್ದ ಹತ್ತಿ ವ್ಯಾಪಾರಿ ವಿನಯದಿಂದ ಕೇಳಿದರು:

"ಸಾಹೇಬ್ರು ಸರ್ವೆ ಇಲಾಖೇರಾ?"

ತಮ್ಮ ನಗಲಿಲ್ಲ. ನಕ್ಕಿದ್ದರೆ ಕ್ಷಮಿಸುತ್ತಿದ್ದೆ.

"ಅಣ್ಣಾ, ನಿನ್ ಕತಿ ಒಳಗೆ ಚಲೋ ಐತೆ. ಬಂದೋರ್ನ ಬಾಗ್ಲಾಗೇ ನಿಲ್ಸಿ ದಾಖಲೆ ತೋರಿಸ್ತೀಯಲ್ಲ, ಯಾಕ? ಒಳಗೆ ಕರಿ, ಚಾ ಕೊಡು."

"ಇಸವಿ ತೆಗೆದರೆ ಉಳಿಯೋದೇನೋ?"

"ನೀನು ಉಳೀತೀಯ."

ಒಂಬತ್ತು ದಿನ ಅವನೊಡನೆ ಮಾತು ಬಿಟ್ಟೆ. (ದಿನಚರಿಯ ಪ್ರಕಾರ ಹನ್ನೊಂದು.)

ಅಷ್ಟರಲ್ಲಿ ವಾರಪತ್ರಿಕೆಯೊಂದು ಕಥಾಸ್ಪರ್ಧೆ ಪ್ರಕಟಿಸಿತು. ಅದುವರೆಗೆ ಅವನ ನಾಲ್ಕು ಕಥೆಗಳು ಅಚ್ಚಾಗಿದ್ದವು. ನನ್ನವು ಆರು ಸಲ ಹಿಂದಿರುಗಿ, ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ. ಇದೂ ಮರಳಿದರೆ ಲೇಖನಿ ಮುಟ್ಟುವುದಿಲ್ಲವೆಂದು ತಮ್ಮನೆದುರೇ ಶಪಥ ಮಾಡಿ, ಆ ಸೋಮವಾರ ಹದಿನಾಲ್ಕು ಪುಟಗಳ ಕಥೆಯನ್ನು ದಾವಣಗೆರೆಯ ಅಂಚೆಪೆಟ್ಟಿಗೆಗೆ ನನ್ನ ಕೈಯಾರೆ ಹಾಕಿದೆ.

ಮೊದಲ ಬಹುಮಾನ ಬಂತು! ಅಚ್ಚಿನಲ್ಲಿ ನನ್ನ ಮೊದಲ ಪುಟವೇ ಇರಲಿಲ್ಲ. ಸಂಪಾದಕರ ಅವಿವೇಕವನ್ನು ಬಹಳ ಕಾಲ ಶಪಿಸಿದೆ. ತಮ್ಮನೋ ಸ್ಪರ್ಧೆಗೆ ಕಥೆಯನ್ನೇ ಕಳಿಸಿರಲಿಲ್ಲ.

"ಪುರುಸೊತ್ತಾಗ್ಲಿಲ್ಲ ಬಿಡಣ್ಣ" ಎಂದ. ಹೆದರಿದ್ದಾನೆಂದು ತೀರ್ಮಾನಿಸಿ ಹಿಗ್ಗಿದೆ. ಆ ಹಿಗ್ಗಿನ ಮೇಲೆಯೇ ನಲವತ್ತು ವರ್ಷ ಬರೆದೆ.

ಹೋದ ತಿಂಗಳು ಅವನು ತೀರಿಕೊಂಡ. ಅವನ ಸೊಸೆ ಟ್ರಂಕಿನಲ್ಲಿ ಸಿಕ್ಕಿತೆಂದು ಒಂದು ಲಕೋಟೆ ತಂದುಕೊಟ್ಟಳು. ಒಳಗೆ ನನ್ನದೇ ಕೈಬರಹದ ಆ ಹದಿನಾಲ್ಕು ಪುಟಗಳು; ಮೊದಲನೆಯದರ ಮೇಲೆ ಅಡ್ಡಕ್ಕೆ ಪೆನ್ಸಿಲ್ ಗೆರೆ. ಜೊತೆಗೆ ಪತ್ರಿಕೆಯ ವಿಳಾಸಕ್ಕೆ ಕಳಿಸಿದ ಅಂಚೆ ರಸೀದಿ. ಮುದ್ರೆ: ಹರಿಹರ, 14 ಜೂನ್ 1961.

ಹಾಗಾದರೆ ಕಥೆಯನ್ನು ಅಂಚೆಗೆ ಹಾಕಲು ನಾನು ಅವನ ಕೈಗೇ ಕೊಟ್ಟಿರಬೇಕು. ಪುರುಸೊತ್ತಿಲ್ಲದ ಆ ಎರಡು ದಿನ ಅವನು ಕುಳಿತು ಉಳಿದ ಹದಿಮೂರು ಪುಟಗಳನ್ನು ನಕಲು ಮಾಡಿ ಕಳಿಸಿದ್ದಾನೆ. ದಾವಣಗೆರೆಯ ಆ ಕೆಂಪು ಪೆಟ್ಟಿಗೆ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ದಿನಚರಿ ತೆರೆದರೆ "ಕಥೆ ರವಾನೆ" ಎಂದಷ್ಟೇ ಇದೆ. ಕೊನೆಯ ಪುಟದ ಅಂಚಿನಲ್ಲಿ ಅವನ ಅಕ್ಷರ:

"ಗಾಡ್ಯಾಗ ಹೇಳಿದೆ. ಯಾರೂ ಆಕಳಿಸ್ಲಿಲ್ಲ."